ಬ್ರಾಕೆಟ್ಟಿನ ಒಳಗಿನ ಗುರುತು

ಅವರು ತೀರಿಕೊಂಡು ಮೂರು ವಾರ ಕಳೆದಿತ್ತು. ಬೇಸಿಗೆ ರಜೆ ಮುಗಿದು ಕಾಲೇಜು ಶುರುವಾದ ಮೊದಲ ದಿನಗಳು. ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, ಲ್ಯಾಬಿನಲ್ಲಿ ಅವರು ಬಳಸುತ್ತಿದ್ದ ಕಂಪ್ಯೂಟರನ್ನು ಹೊಸದಾಗಿ ಬರುವವರಿಗೆ ಕೊಡಬೇಕು, ಅದರೊಳಗೆ ಬೇಕಾದ್ದೇನಾದರೂ ಇದ್ದರೆ ತೆಗೆದಿಟ್ಟುಕೊಂಡು ಉಳಿದದ್ದನ್ನು ಅಳಿಸಿಬಿಡಿ ಎಂದರು. ಹತ್ತು ನಿಮಿಷದ ಕೆಲಸ. ನಾನು ಅದನ್ನು ಎಂಟು ದಿನ ಮುಂದೂಡಿದೆ. ಬೇರೆ ಕೆಲಸ ಇತ್ತು ಎಂದು ಆಗ ಹೇಳಿಕೊಂಡೆ. ಆ ಕುರ್ಚಿಯ ಮೇಲೆ ಅವರು ಮಡಿಸಿ ಹಾಸಿಕೊಳ್ಳುತ್ತಿದ್ದ ಕಂಬಳಿಯ ತುಂಡು ಇನ್ನೂ ಹಾಗೇ ಇತ್ತು, ಅದರ ಮೇಲೆ ಕೂಡಲು ನನಗೆ ಧೈರ್ಯವಾಗಲಿಲ್ಲ ಎಂಬುದು ನಿಜ.

ಅವರು ನಮ್ಮ ಲ್ಯಾಬಿನ ಇನ್‌ಸ್ಟ್ರಕ್ಟರ್. ಓದಿದ್ದು ಡಿಪ್ಲೊಮಾ. ಗುಡೂರಿನ ಹತ್ತಿರದ ಒಂದು ಸಣ್ಣ ಊರಿನವರು. ಮನೆದೇವರು ಬೀರಪ್ಪ, ಅಣ್ಣ ಈಗಲೂ ಕುರಿ ಸಾಕುತ್ತಾರೆ. ವಯಸ್ಸಿನಲ್ಲಿ ನನಗಿಂತ ಆರೇಳು ವರ್ಷ ದೊಡ್ಡವರು. ನಾನು ಅದೇ ವಿಭಾಗದಲ್ಲಿ ಪ್ರಾಧ್ಯಾಪಕಿ. ನನ್ನ ಅಜ್ಜ ಈಗ ಹಿನ್ನೀರಿನಲ್ಲಿ ಮುಳುಗಿರುವ ಹಳೆ ಬಾಗಲಕೋಟೆಯ ಓಣಿಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದರು, ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ನಮ್ಮ ಮನೆಯಲ್ಲಿ ಓದು ಬರುವುದು ಯಾರಿಗೂ ವಿಶೇಷ ಅನಿಸುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದರಲ್ಲಿ ಇದರ ಪಾಲೂ ಇದೆ.

ನಾವಿಬ್ಬರೂ ಸೇರಿ ಒಂದು ಕಂಪೈಲರ್ ಬರೆದಿದ್ದೆವು. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಪ್ರೋಗ್ರಾಮಿಗೆ ಕಂಪೈಲರ್ ಎನ್ನುತ್ತಾರೆ. ಜಗತ್ತಿನಲ್ಲಿ ಒಳ್ಳೊಳ್ಳೆಯ ಕಂಪೈಲರುಗಳು ಪುಕ್ಕಟೆ ಸಿಗುತ್ತವೆ, ನಮ್ಮದನ್ನು ಯಾರೂ ಕೇಳಿರಲಿಲ್ಲ. ಆದರೆ ಆ ದೊಡ್ಡ ಕಂಪೈಲರುಗಳ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ನಮ್ಮ ವಿದ್ಯಾರ್ಥಿಗಳಿಗೆ ತೋರಿಸುವುದು ಆಗುತ್ತಿರಲಿಲ್ಲ. ಸಣ್ಣದೊಂದನ್ನು ನಾವೇ ಬರೆದರೆ ಹೇಗೆ ಎಂದು ಒಂದು ದಿನ ಅವರೇ ಕೇಳಿದರು. ಮೂರು ವರ್ಷ, ತರಗತಿ ಮುಗಿದ ಮೇಲೆ ನಾಲ್ಕರಿಂದ ಆರರ ತನಕ, ನವನಗರದ ಆ ಲ್ಯಾಬಿನಲ್ಲಿ ಕೂತು ಬರೆದೆವು. ನನ್ನ ಜೀವನದಲ್ಲಿ ಅಷ್ಟು ಖುಷಿಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ಇದನ್ನು ಅವರಿಗೆ ನಾನು ಯಾವತ್ತೂ ಹೇಳಲಿಲ್ಲ.

ಅದರಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗವನ್ನು ಬರೆದವರು ಅವರು. ಸಿ ಭಾಷೆಯಲ್ಲಿ ಒಂದು ಹೆಸರನ್ನು ಘೋಷಿಸುವ ಸಾಲು ಎಡದಿಂದ ಬಲಕ್ಕೆ ಸಲೀಸಾಗಿ ಓದಿಸಿಕೊಳ್ಳುವುದಿಲ್ಲ. ಹೆಸರು ಎಲ್ಲೋ ನಡುವೆ ಇರುತ್ತದೆ. ಅದರ ಎಡಕ್ಕೆ ಒಂದು ನಕ್ಷತ್ರದ ಚಿಹ್ನೆ ಇದ್ದರೆ ಅದು ಬೇರೊಂದರ ವಿಳಾಸ ಎಂದರ್ಥ. ಬಲಕ್ಕೆ ಬ್ರಾಕೆಟ್ ಇದ್ದರೆ ಅದು ಫಂಕ್ಷನ್, ಎಂದರೆ ಹೆಸರಿನಿಂದ ಕರೆದಾಗ ಒಂದು ಕೆಲಸ ಮಾಡಿಕೊಡುವ ತುಂಡು. ಎರಡೂ ಇದ್ದು, ನಕ್ಷತ್ರ ಮತ್ತು ಹೆಸರು ಒಂದು ಬ್ರಾಕೆಟ್ಟಿನ ಒಳಗಿದ್ದರೆ, ಅದು ಫಂಕ್ಷನ್ನಿನ ವಿಳಾಸ. ಮನುಷ್ಯರು ಹೆಸರಿನಿಂದ ಶುರುಮಾಡಿ ಹೊರಕ್ಕೆ ಬರುತ್ತಾರೆ. ಕಂಪೈಲರ್ ಪಾಪ ಎಡದಿಂದಲೇ ಬರಬೇಕು. ಬ್ರಾಕೆಟ್ ತೆರೆದಾಗ ಅದರ ಒಳಗಿರುವುದು ಯಾವುದರ ವಿಳಾಸ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಬ್ರಾಕೆಟ್ ಮುಚ್ಚಿ, ಆಚೆಗೆ ಏನಿದೆ ಎಂದು ನೋಡಿದ ಮೇಲೆಯೇ ಗೊತ್ತಾಗುವುದು. ಅದಕ್ಕೆ ಅವರು ಒಳಗಿನದನ್ನು ಎರಡು ಸಲ ಓದಿಸಿದ್ದರು. ಮೊದಲ ಸಲ ಒಂದು ಸುಳ್ಳು ಆಧಾರ ಇಟ್ಟುಕೊಂಡು, ಬ್ರಾಕೆಟ್ ಎಲ್ಲಿ ಮುಚ್ಚುತ್ತದೆ ಎಂದು ನೋಡಲಿಕ್ಕಷ್ಟೇ. ಹೊರಗಿನದು ಗೊತ್ತಾದ ಮೇಲೆ ಸುಳ್ಳನ್ನು ಬಿಸಾಡಿ, ನಿಜವಾದ ಆಧಾರದ ಮೇಲೆ ಒಳಗಿನದನ್ನು ಮತ್ತೊಮ್ಮೆ ಓದುವುದು.

ಇಷ್ಟರ ಮೇಲೆ ಅಟ್ರಿಬ್ಯೂಟ್ ಎಂಬ ಗುರುತುಗಳು. ಈ ಫಂಕ್ಷನ್ ಕರೆದವರ ಬಳಿಗೆ ತಿರುಗಿ ಬರುವುದಿಲ್ಲ, ಇದನ್ನು ಮೆಮೊರಿಯಲ್ಲಿ ಇಷ್ಟೇ ಅಂತರದಲ್ಲಿ ಇಡಬೇಕು, ಹೀಗೆ ಕಂಪೈಲರಿಗೆ ಮೊದಲೇ ತಿಳಿಸುವ ಸೂಚನೆಗಳವು. ಬ್ರಾಕೆಟ್ ತೆರೆದ ಕೂಡಲೇ, ನಕ್ಷತ್ರಕ್ಕೂ ಮೊದಲು ಇಂಥದೊಂದು ಗುರುತು ಇದ್ದರೆ, ಇದು ಒಳಗಿನ ಹೆಸರಿನ ಬ್ರಾಕೆಟ್ಟೋ ಅಥವಾ ಫಂಕ್ಷನ್ನಿನ ಬ್ರಾಕೆಟ್ಟೋ ಎಂದೇ ಮೊದಲು ತಿಳಿಯುವುದಿಲ್ಲ. ಗುರುತನ್ನು ದಾಟಿ ಮುಂದೆ ಇಣುಕಬೇಕು. ಆಮೇಲೆ ಆ ಗುರುತು ಸೇರಬೇಕಾದದ್ದು ಒಳಗಿನ ಹೆಸರಿಗಲ್ಲ, ಹೊರಗಿರುವ ಫಂಕ್ಷನ್ನಿಗೆ. ನನಗೆ ಇದೆಲ್ಲ ಪುಸ್ತಕದಿಂದ ಗೊತ್ತಿತ್ತು, ಬರೆಯಲು ಕೂತರೆ ಬರುತ್ತಿರಲಿಲ್ಲ. ಅವರು ಒಂದು ವಾರ ಸುಮ್ಮನಿದ್ದು, ಎಂಟನೇ ದಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಬರೆದು ತೋರಿಸಿದರು.

"ಗುರುತು ಕುರಿ ಮ್ಯಾಲೆ ಬೀಳಬೇಕ್ರಿ ಮೇಡಂ," ಎಂದರು. "ಹಟ್ಟಿ ಬೇಲಿ ಮ್ಯಾಲೆ ಬಿದ್ರ ಏನ್ ಬಂತು?"

ನಾನು ನಕ್ಕೆ. ಅವರೂ ನಕ್ಕರು. ಅವತ್ತು ಆರು ಗಂಟೆಯಾದದ್ದು ಇಬ್ಬರಿಗೂ ತಿಳಿಯಲಿಲ್ಲ.

ನಮ್ಮ ಕಾಲೇಜಿಗೆ ಹೊರಗಿನಿಂದ ಪರಿಶೀಲನೆಯ ತಂಡ ಬರುವುದೆಂದು ಗೊತ್ತಾದದ್ದು ಆ ಮೂರನೇ ವರ್ಷದ ಕೊನೆಯಲ್ಲಿ. ಕಂಪೈಲರನ್ನೂ ತೋರಿಸಬೇಕು ಎಂದು ಮುಖ್ಯಸ್ಥರು ಹೇಳಿದರು. ಎರಡು ವಾರವಿತ್ತು. ನಾನು ಇಡೀ ಕೋಡನ್ನು ತಿದ್ದಿ ಚಂದ ಮಾಡಲು ಕೂತೆ. ಅವರ ಭಾಗ ಓದುವಾಗ, ಬ್ರಾಕೆಟ್ಟಿನ ಒಳಗಿನ ಗುರುತನ್ನು ಎರಡು ಸಲ ಓದುತ್ತಿರುವುದು ಕಂಡಿತು. ಮೊದಲ ಸಲ ಓದಿದ್ದೇ ಸಾಕಲ್ಲ, ಎರಡನೇ ಸಲ ಯಾಕೆ ಎಂದುಕೊಂಡು, ಒಮ್ಮೆ ಓದಿದ ಗುರುತನ್ನು ಮತ್ತೆ ಕಂಡರೆ ದಾಟಿ ಹೋಗು ಎಂದು ಒಂದು ಸಾಲು ಸೇರಿಸಿದೆ, ಅವರ ಐದು ಸಾಲು ತೆಗೆದೆ. ಅಲ್ಲಿ ಅವರು ಬರೆದಿಟ್ಟಿದ್ದ ಒಂದು ಟಿಪ್ಪಣಿಯೂ ಇತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಕಡೆಯ ಕನ್ನಡ. ಬರುವವರು ನೋಡಿದರೆ ಚಂದ ಕಾಣುವುದಿಲ್ಲ ಎಂದು ಅದನ್ನೂ ಓದದೆ ಅಳಿಸಿದೆ. ಓದದೆ ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಕಣ್ಣಾಡಿಸಿದ್ದೆ, ಮನಸ್ಸಿಗೆ ತೆಗೆದುಕೊಂಡಿರಲಿಲ್ಲ. ತಿದ್ದಿದ ಮೇಲೆ ನಮ್ಮ ಹಳೆಯ ಪರೀಕ್ಷೆಗಳಲ್ಲಿ ನಾಲ್ಕೈದನ್ನು ಓಡಿಸಿ ನೋಡಿದೆ, ಎಲ್ಲವನ್ನೂ ಅಲ್ಲ.

ತಂಡದಲ್ಲಿದ್ದ ಒಬ್ಬರು ಹಿರಿಯ ಪ್ರಾಧ್ಯಾಪಕರು ನಿಜವಾಗಿ ವಿಷಯ ಬಲ್ಲವರು. ಮಿಕ್ಕವರು ಗೋಡೆಯ ಮೇಲಿನ ಪಟ್ಟಿಗಳನ್ನು ನೋಡುತ್ತಿದ್ದಾಗ ಅವರು ಕುರ್ಚಿ ಎಳೆದುಕೊಂಡು ಕೂತು, ತಾವೇ ಹತ್ತು ಸಾಲಿನ ಪ್ರೋಗ್ರಾಮ್ ಬರೆದರು. ಯಂತ್ರವನ್ನು ನಿಲ್ಲಿಸಿಬಿಡುವ ಒಂದು ಫಂಕ್ಷನ್; ಅದರ ವಿಳಾಸ ಇಟ್ಟುಕೊಂಡ ಒಂದು ಹೆಸರು; ಬ್ರಾಕೆಟ್ಟಿನ ಒಳಗೆ, ಇದು ತಿರುಗಿ ಬರುವುದಿಲ್ಲ ಎಂಬ ಗುರುತು. ನಮ್ಮ ಕಂಪೈಲರ್ ಅದನ್ನು ಓದಿ, ಆ ಹೆಸರಿನ ಮೂಲಕ ಅದನ್ನು ಕರೆದ ಫಂಕ್ಷನ್ ಕೊನೆಯಲ್ಲಿ ಬೆಲೆಯನ್ನು ಹಿಂದಿರುಗಿಸಿಲ್ಲ ಎಂದು ದೂರಿತು. ಕರೆದದ್ದು ತಿರುಗಿಯೇ ಬಾರದ ಫಂಕ್ಷನ್ ಆದಮೇಲೆ ಆ ದೂರಿಗೆ ಅರ್ಥವಿಲ್ಲ. ಅವರು ಮತ್ತೊಮ್ಮೆ ಓಡಿಸಿದರು. ಮತ್ತೆ ಅದೇ ದೂರು.

ಬ್ರಾಕೆಟ್ಟಿನ ಒಳಗಿನ ಗುರುತು ಎಲ್ಲೋ ಕಳೆದುಹೋಗುತ್ತಿದೆ, ಈ ಭಾಗ ಬರೆದವರು ಯಾರು ಎಂದು ಅವರು ಕೇಳಿದರು. ಬೈಗುಳದ ಧ್ವನಿಯಲ್ಲ, ಕುತೂಹಲದಿಂದಲೇ ಕೇಳಿದ್ದು. ಮುಖ್ಯಸ್ಥರು ನನ್ನ ಮುಖ ನೋಡಿದರು.

ನಾನು, "ಆ ಭಾಗ ಲ್ಯಾಬಿನ ಸರ್ ಬರದಾರ್ರಿ," ಎಂದೆ.

ಸುಳ್ಳಲ್ಲ. ಅವರೇ ಬರೆದದ್ದು. ಬಾಗಿಲ ಹತ್ತಿರ ನಿಂತಿದ್ದ ಅವರನ್ನು ಎಲ್ಲರೂ ತಿರುಗಿ ನೋಡಿದರು. ಮುಖ್ಯಸ್ಥರು ನಗುತ್ತ, ಇವರದು ಡಿಪ್ಲೊಮಾ, ಸ್ವಂತ ಆಸಕ್ತಿಯಿಂದ ಕಲಿತಿದ್ದಾರೆ ಎಂದು ವಿವರಿಸಿದರು. ಆ ಹಿರಿಯ ಪ್ರಾಧ್ಯಾಪಕರು ತಲೆಯಾಡಿಸಿ, ಇಂಥ ಭಾಗವನ್ನು ನೀವೇ ನೋಡಿಕೊಳ್ಳಬೇಕಿತ್ತು ಎಂದು ನನಗೆ ಮೆಲ್ಲಗೆ ಹೇಳಿದರು.

"ಮೊದಲ ಬರ್ತಿತ್ರಿ," ಎಂದರು ಅವರು, ಬಾಗಿಲಿನಿಂದಲೇ. ಅಷ್ಟೇ ಮಾತು. ಮುಖ್ಯಸ್ಥರು ಇರಲಿ ಬಿಡ್ರಿ ಎನ್ನುವಂತೆ ಕೈ ಮಾಡಿದರು.

ಮಧ್ಯಾಹ್ನ ಊಟವಾದ ಮೇಲೆ ಬಂದವರನ್ನು ಬಾದಾಮಿ ತೋರಿಸಲು ಕರೆದೊಯ್ಯಬೇಕಿತ್ತು. ನಾನೂ ಕಾರಿನಲ್ಲಿ ಹೋದೆ. ಅವರು ಲ್ಯಾಬ್ ಮುಚ್ಚಲು ಉಳಿದರು. ಗುಹೆಗಳ ಮೆಟ್ಟಿಲು ಹತ್ತುವಾಗ ಆ ಹಿರಿಯ ಪ್ರಾಧ್ಯಾಪಕರು ನಮ್ಮ ಕಂಪೈಲರಿನ ಉಳಿದ ಭಾಗವನ್ನು ತುಂಬ ಹೊಗಳಿದರು. ಇಂಥ ಊರಿನಲ್ಲಿ ಕೂತು ಇಷ್ಟು ಮಾಡಿದ್ದೀರಲ್ಲ ಎಂದರು. ನಾನು ಕೆಳಗಿನ ಹೊಂಡದ ಹಸಿರು ನೀರು ನೋಡುತ್ತ ನಿಂತಿದ್ದೆ. ಒಂದು ಮಂಗ ಯಾರದೋ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು ಓಡಿತು, ಎಲ್ಲರೂ ನಕ್ಕರು. ಆಗ ಇದ್ದಕ್ಕಿದ್ದಂತೆ ಆ ಮಾತು ಕಿವಿಯಲ್ಲಿ ಕೇಳಿತು. ಮೊದಲ ಬರ್ತಿತ್ರಿ. ಮೊದಲು ಎಂದರೆ ಯಾವಾಗ? ಎರಡು ವಾರದ ಹಿಂದೆ ನಾನು ತೆಗೆದ ಐದು ಸಾಲು ಕಣ್ಣ ಮುಂದೆ ಬಂತು.

ಫೋನು ಕೈಯಲ್ಲೇ ಇತ್ತು. ಪಕ್ಕದಲ್ಲೇ ಆ ಪ್ರಾಧ್ಯಾಪಕರು ಇದ್ದರು. ಸರ್, ಅದು ಬಹುಶಃ ನಾನು ಮಾಡಿದ ತಪ್ಪು ಎಂದು ಅಷ್ಟೇ ಹೇಳಿದ್ದರೆ ಸಾಕಿತ್ತು. ಪೂರ್ತಿ ಖಚಿತವಿಲ್ಲದೆ ಹೇಗೆ ಹೇಳುವುದು, ಸೋಮವಾರ ನೋಡಿ ಹೇಳಿದರಾಯಿತು ಎಂದುಕೊಂಡೆ. ಸೋಮವಾರ ಲ್ಯಾಬಿನ ಸರ್ ಏನೂ ಕೇಳಲಿಲ್ಲ. ನಾನೂ ನೋಡಲಿಲ್ಲ.

ನೋಡಲಿಲ್ಲ ಎಂಬುದನ್ನು ಈಗಲೂ ನನಗೇ ವಿವರಿಸಿಕೊಳ್ಳಲು ಆಗುವುದಿಲ್ಲ. ಐದು ನಿಮಿಷದ ಕೆಲಸ. ಆ ಫೈಲನ್ನು ತೆರೆಯಲು ಹೋದಾಗಲೆಲ್ಲ ಬೇರೆ ಏನೋ ನೆನಪಾಗುತ್ತಿತ್ತು. ಮುಂದಿನ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳಿಗೆ, ನಮ್ಮ ಕಂಪೈಲರಿನಲ್ಲಿ ಬ್ರಾಕೆಟ್ಟಿನ ಒಳಗೆ ಅಟ್ರಿಬ್ಯೂಟ್ ಬರೆಯಬೇಡಿ ಎಂದು ಹೇಳಿಕೊಟ್ಟೆ. ಹಾಗೆ ಹೇಳುವಾಗ ಅವರು ಲ್ಯಾಬಿನ ಹಿಂದಿನ ಸಾಲಿನಲ್ಲಿ ಒಂದು ಕೀಬೋರ್ಡ್ ಸರಿಮಾಡುತ್ತಿದ್ದರು. ತಲೆ ಎತ್ತಲಿಲ್ಲ.

ನಾಲ್ಕು ಗಂಟೆಗೆ ಕೂಡುವುದು ನಿಂತುಹೋಯಿತು. ಒಂದು ಸಲ ನಾನೇ, ಆ ದೋಷ ಒಂದು ಉಳದದಲ್ಲ ಸರ್, ಕೂಡಿ ನೋಡೋಣೇನು ಎಂದೆ. "ನೀವ ನೋಡ್ರಿ ಮೇಡಂ," ಎಂದರು. ಸಿಟ್ಟು ಬಂದಿದೆ, ಬಂದವರ ಮುಂದೆ ಅವಮಾನವಾಯಿತೆಂದು ಸೆಟೆದುಕೊಂಡಿದ್ದಾರೆ ಎಂದುಕೊಂಡೆ. ನೀವ ಎಂದು ಅವರು ಒತ್ತಿ ಹೇಳಿದ್ದು ಆಗ ನನಗೆ ಕೇಳಿಸಲೇ ಇಲ್ಲ.

ಏಳು ತಿಂಗಳು ಹಾಗೇ ಕಳೆಯಿತು. ಬೇಸಿಗೆ ರಜೆಯಲ್ಲಿ ಅವರು ಊರಿಗೆ ಹೋದರು. ಒಂದು ಬೆಳಿಗ್ಗೆ ಅಣ್ಣನ ಜೊತೆ ಕುರಿಹಟ್ಟಿಗೆ ಹೋದವರು ಎದೆ ಹಿಡಿದುಕೊಂಡು ಕೂತರಂತೆ. ಇಳಕಲ್ಲಿನ ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ನಾನು ಆಗ ಬೇರೆ ಊರಿನಲ್ಲಿ ಉತ್ತರಪತ್ರಿಕೆ ನೋಡುವ ಕೆಲಸದಲ್ಲಿದ್ದೆ. ವಿಭಾಗದ ಗ್ರೂಪಿನಲ್ಲಿ ಸುದ್ದಿ ಬಂತು. ಎಲ್ಲರಂತೆ ನಾನೂ ಕೈಮುಗಿದ ಚಿತ್ರ ಕಳಿಸಿದೆ.

ಕೊನೆಗೂ ಆ ಕಂಪ್ಯೂಟರ್ ತೆರೆದದ್ದು ಒಂದು ಮಧ್ಯಾಹ್ನ, ಲ್ಯಾಬು ಖಾಲಿಯಿದ್ದಾಗ. ಕಂಬಳಿಯನ್ನು ತೆಗೆಯದೆ, ಇನ್ನೊಂದು ಕುರ್ಚಿ ತಂದು ಪಕ್ಕಕ್ಕೆ ಹಾಕಿ ಕೂತೆ. ಅವರದೆಂದು ಹೇಳುವಂಥದು ಹೆಚ್ಚೇನೂ ಇರಲಿಲ್ಲ. ನಮ್ಮ ಕಂಪೈಲರಿನ ಒಂದು ಪ್ರತಿ ಇತ್ತು. ಅದರಲ್ಲಿ ಆ ಹಿರಿಯ ಪ್ರಾಧ್ಯಾಪಕರ ಹತ್ತು ಸಾಲಿನ ಪ್ರೋಗ್ರಾಮನ್ನೂ ಇಟ್ಟುಕೊಂಡಿದ್ದರು. ಓಡಿಸಿದೆ. ಯಾವ ದೂರೂ ಇಲ್ಲದೆ ಓಡಿತು.

ಫೈಲು ತೆರೆದು ನೋಡಿದೆ. ನಾನು ಸೇರಿಸಿದ್ದ ಸಾಲನ್ನು ಅವರು ಅಳಿಸಿರಲಿಲ್ಲ; ಕಂಪೈಲರ್ ಓದದಂತೆ ಮರೆಮಾಡಿ ಹಾಗೇ ಬಿಟ್ಟಿದ್ದರು. ಅದರ ಕೆಳಗೆ ತಮ್ಮ ಐದು ಸಾಲು ಮತ್ತೆ ಬರೆದಿದ್ದರು. ಉಳಿಸಿದ ಸಮಯ ನೋಡಿದೆ. ತಂಡ ಬಂದಿದ್ದ ದಿನವೇ, ಮಧ್ಯಾಹ್ನ ನಾಲ್ಕರ ಸುಮಾರಿಗೆ. ನಾನು ಬಾದಾಮಿಯ ಗುಹೆಗಳಲ್ಲಿದ್ದ ಹೊತ್ತು. ನಾವು ಹೊರಟ ಒಂದೆರಡು ಗಂಟೆಯೊಳಗೆ ಅವರು ಹುಡುಕಿದ್ದರು, ಸರಿಮಾಡಿದ್ದರು. ಆದರೆ ಇಬ್ಬರೂ ಬಳಸುವ ಮುಖ್ಯ ಪ್ರತಿಗೆ ಅದನ್ನು ಸೇರಿಸಿರಲಿಲ್ಲ.

ಬದಲಾವಣೆಗಳ ಇತಿಹಾಸ ತೆರೆದೆ. ಯಾರು ಯಾವ ಸಾಲು ಸೇರಿಸಿದರು, ಯಾವುದನ್ನು ತೆಗೆದರು ಎಂಬುದೆಲ್ಲ ಅಲ್ಲಿ ಹೆಸರಿನ ಸಮೇತ ಉಳಿದಿರುತ್ತದೆ. ನನ್ನ ಹೆಸರು. ಅದರ ಕೆಳಗೆ ಕೆಂಪು ಬಣ್ಣದಲ್ಲಿ, ನಾನು ಅಳಿಸಿದ್ದು. ಅವರ ಟಿಪ್ಪಣಿಯನ್ನು ಆಗ ಮೊದಲ ಬಾರಿ ಸಮಾಧಾನದಿಂದ ಓದಿದೆ. ಇಲ್ಲಿ ಎರಡು ಸಲ ಓದಬೇಕು. ಒಂದು ಸಲ ಸಾಕು ಅನಸ್ತೈತಿ. ಸಾಕಾಗಂಗಿಲ್ಲ.

ಮೊದಲ ಓದಿನಲ್ಲಿ ಗುರುತು ಸುಳ್ಳು ಆಧಾರಕ್ಕೆ ಅಂಟುತ್ತಿತ್ತು, ಆ ಸುಳ್ಳನ್ನು ಬಿಸಾಡುವಾಗ ಗುರುತೂ ಹೋಗುತ್ತಿತ್ತು. ಎರಡನೇ ಓದಿನಲ್ಲಿ ನಿಜವಾದದ್ದಕ್ಕೆ ಅಂಟಬೇಕಿತ್ತು. ನನ್ನ ಸಾಲು ಅದನ್ನು ದಾಟಿಸಿಬಿಡುತ್ತಿತ್ತು. ತಪ್ಪು ಅವರದಲ್ಲ, ಪೂರ್ತಿ ನನ್ನದು.

ಅವರು ಬರೆದ ಪ್ರತಿ ಫೈಲಿನಲ್ಲೂ ಟಿಪ್ಪಣಿಗಳಿರುತ್ತಿದ್ದವು, ಮಾತಾಡಿದ ಹಾಗೆ. ಈ ಕೊನೆಯ ತಿದ್ದುಪಡಿಯಲ್ಲಿ ಮಾತ್ರ ಒಂದಕ್ಷರವೂ ಇರಲಿಲ್ಲ. ನನ್ನ ಸಾಲು, ಅದರ ಕೆಳಗೆ ಅವರ ಸಾಲು, ನಡುವೆ ಖಾಲಿ ಜಾಗ.

ಅಂದಿನಿಂದ ಅವರು ನನ್ನ ಜೊತೆಗೆ ಇರತೊಡಗಿದರು. ದೆವ್ವ ಭೂತ ಎಂದು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಅವನ್ನೆಲ್ಲ ನಂಬಿದವರಿಲ್ಲ. ಆದರೆ ಬೆಳಿಗ್ಗೆ ಪೇಪರು ಓದುವಾಗ, ಬ್ರಾಕೆಟ್ಟಿನಲ್ಲಿ ಬರೆದ ಯಾವುದೋ ಪದ ಕಂಡರೆ, ಹಿಂದಿನಿಂದ ಅವರ ಧ್ವನಿ ಕೇಳುತ್ತಿತ್ತು. ಎರಡು ಸಲ ಓದ್ರಿ ಮೇಡಂ. ಅಂಗಡಿಯಲ್ಲಿ ಔಷಧಿ ಚೀಟಿ ನೋಡುವಾಗ ಕೇಳುತ್ತಿತ್ತು. ಲ್ಯಾಬಿನಲ್ಲಿ ಪಾಠ ಮಾಡುತ್ತ ಬಾಗಿಲ ಕಡೆ ತಿರುಗಿದರೆ ಅಲ್ಲಿ ಯಾರೋ ನಿಂತಂತೆ ಅನಿಸಿ ಮಾತು ತಪ್ಪುತ್ತಿತ್ತು. ಒಂದು ದಿನ ವಿದ್ಯಾರ್ಥಿನಿಯೊಬ್ಬಳು, ಯಾರನ್ನ ನೋಡ್ಲಿಕತ್ತೀರಿ ಮ್ಯಾಡಂ ಎಂದು ಕೇಳಿಯೇಬಿಟ್ಟಳು. ಹಾಡು ಹಗಲು, ಹನ್ನೊಂದು ಗಂಟೆ, ಅರವತ್ತು ಮಂದಿ ಕೂತ ಕೋಣೆ. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಬಿದ್ದು ಮುರಿಯಿತು.

ಆ ತಪ್ಪು ನನ್ನದೆಂದು ನಾನು ಮುಖ್ಯಸ್ಥರಿಗೆ ಹೇಳಿದೆ. ಅವರು ಗಾಬರಿಯಾದಂತೆ ನೋಡಿ, ಅದು ಮುಗಿದ ವಿಷಯ, ಪರಿಶೀಲನೆಯ ವರದಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ, ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದರು. ವಿಭಾಗದ ಸಭೆಯಲ್ಲಿ ಎದ್ದು ನಿಂತು ಎಲ್ಲರ ಮುಂದೆ ಹೇಳಿದೆ. ಆಮೇಲೆ ಒಬ್ಬರು ಹೊಸ ಟೈಮ್‌ಟೇಬಲ್ ಯಾವಾಗ ಬರುತ್ತದೆ ಎಂದು ಕೇಳಿದರು. ಆ ಹಿರಿಯ ಪ್ರಾಧ್ಯಾಪಕರಿಗೆ ಪತ್ರ ಬರೆದೆ. ಉತ್ತರ ಬರಲಿಲ್ಲ.

ಉಳಿದದ್ದು ಅವರ ಮನೆ. ಅವರ ಹೆಂಡತಿ ಮಗಳ ಕಾಲೇಜಿಗಾಗಿ ಇಳಕಲ್ಲಿಗೆ, ತವರುಮನೆಗೆ ಬಂದಿದ್ದಾರೆಂದು ಗೊತ್ತಾಯಿತು. ಒಂದು ಭಾನುವಾರ ಹುನಗುಂದದ ಮೇಲೆ ಹೋಗುವ ಬಸ್ಸು ಹಿಡಿದು ಹೋದೆ. ಮಗ್ಗದ ಸದ್ದು ಎಡೆಬಿಡದೆ ಕೇಳುವ ಓಣಿ. ಅವರು ಬಾಗಿಲಲ್ಲೇ ನನ್ನ ಗುರುತು ಹಿಡಿದರು. ಬರ್ರಿ ಅಕ್ಕಾರ ಎಂದು ಒಳಗೆ ಕರೆದು, ಚಾಪೆ ಹಾಸಿ, ಚಹಾ ಕೊಟ್ಟರು. ನಾನು ಹೇಗೆ ಶುರುಮಾಡಬೇಕೆಂದು ಬಸ್ಸಿನಲ್ಲಿ ಯೋಚಿಸಿದ್ದೆಲ್ಲ ಮರೆತುಹೋಯಿತು. ಅವತ್ತು ಅವರು ಮಾಡಿದ ತಪ್ಪು ಎಂದು ಹೇಳಿದ್ದು ನನ್ನ ತಪ್ಪಾಗಿತ್ತು ಎಂದು ಒಂದೇ ಉಸಿರಿಗೆ ಹೇಳಿದೆ.

ಅವರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ಗೊತ್ತಿತ್ರಿ ಅವರಿಗೆ," ಎಂದರು. "ಅವತ್ತ ಸಂಜೀಕ ಬಂದು ಹೇಳಿದ್ರು."

"ಮತ್ತ ನನಗ್ಯಾಕ ಕೇಳಲಿಲ್ಲ?"

ಅವರು ಸೆರಗು ಸರಿಮಾಡಿಕೊಂಡರು.

"ಓದಿದವರದಾರ, ಫೈಲ್ ತಗದು ನೋಡಿದ್ರ ತಿಳೀತೈತಿ, ತಾವ ಬಂದು ಹೇಳ್ತಾರ ಅಂತ ದಾರಿ ನೋಡಿದ್ರು. ದಿನಾ ಮನಿಗೆ ಬಂದ ಕೂಡ್ಲೆ ನಾ ಕೇಳ್ತಿದ್ದೆ, ಮೇಡಮ್ಮಾರು ಹೇಳಿದ್ರೇನು ಅಂತ. ಇವತ್ತ ಇಲ್ಲ ಅಂತಿದ್ರು." ಮಗ್ಗದ ಸದ್ದಿನ ನಡುವೆ ಅವರ ದನಿ ಸಣ್ಣಗೆ, ಸ್ಪಷ್ಟವಾಗಿ ಕೇಳುತ್ತಿತ್ತು. "ರಜಾಕ್ಕ ಊರಿಗೆ ಹೋಗೂ ಹಿಂದಿನ ದಿನಾನೂ ಕೇಳಿದೆ. ಇವತ್ತ ಇಲ್ಲ ಅಂದ್ರು."

ಏಳು ತಿಂಗಳು. ನಾನು ದಿನವೂ ಅವರನ್ನು ನೋಡಿದ್ದೆ, ಹಾಜರಿ ಪುಸ್ತಕದಲ್ಲಿ ಒಬ್ಬರ ನಂತರ ಒಬ್ಬರು ಸಹಿ ಹಾಕಿದ್ದೆವು. ಅಷ್ಟೂ ದಿನ ಒಬ್ಬರು ನನ್ನ ಬಾಯಿ ನೋಡುತ್ತ ಕಾದಿದ್ದರು. ಅಳು ಬಂತು. ಅವರ ಹೆಂಡತಿ ನನ್ನನ್ನು ಸಮಾಧಾನ ಮಾಡಲಿಲ್ಲ, ಲೋಟ ತೆಗೆದುಕೊಂಡು ಒಳಗೆ ಹೋಗಿ ತೊಳೆದಿಟ್ಟು ಬಂದರು. ಅದು ಸರಿಯಾಗಿತ್ತು.

ತಿರುಗಿ ಬಂದು ನಿಂತುಕೊಂಡೇ ಹೇಳಿದರು. ಗಂಡನ ಊರಿನವರೊಬ್ಬರು ನಮ್ಮ ಕಾಲೇಜಿನಲ್ಲಿ ಜವಾನರಾಗಿದ್ದರಂತೆ. ದೊಡ್ಡ ಮಂದಿ ಬಂದಾಗ ಇವರು ಮಾಡಿದ್ದು ತಪ್ಪಾಗಿ ಕಾಲೇಜಿನ ಮಾನ ಹೋಯಿತು ಎಂಬ ಮಾತು ಅವರ ಮೂಲಕ ಊರಿಗೆ ಮುಟ್ಟಿತ್ತು. ಮನೆಯವರೆಲ್ಲ ಕುರಿ ಕಾಯ್ದು ಇವರೊಬ್ಬರನ್ನು ಶಾಲೆಗೆ ಕಳಿಸಿದ್ದರು. ಅಣ್ಣನ ಮುಂದೆ ಇವರು ಅದರ ಬಗ್ಗೆ ಏನೂ ಹೇಳಿರಲಿಲ್ಲ, ಹೇಳಿದರೆ ನೆಪ ಹೇಳಿದಂತಾಗುತ್ತದೆ ಎಂದು.

"ನನಗ ಹೇಳಿ ಏನ್ ಆಗತೈತ್ರಿ ಅಕ್ಕಾರ. ನಾ ಮೊದಲ ನಂಬೀನಿ," ಎಂದರು. "ಭಾವಾರಿಗೆ ಹೇಳ್ರಿ. ಊರ ಮಂದಿ ಕೂತಾಗ ಹೇಳ್ರಿ."

ಎರಡು ವಾರ ಬಿಟ್ಟು ಅವರ ಊರಿಗೆ ಹೋದೆ. ಅಮೀನಗಡದಲ್ಲಿ ಬಸ್ಸಿಳಿದು, ಗುಡೂರಿನ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ. ಅವರ ಹೆಂಡತಿ ಬೆಳಿಗ್ಗೆಯೇ ಬಂದಿದ್ದರು. ಬೀರಪ್ಪನ ಗುಡಿಯ ಮುಂದಿನ ಕಟ್ಟೆಯ ಮೇಲೆ ಹದಿನೈದಿಪ್ಪತ್ತು ಮಂದಿ ಕೂತಿದ್ದರು, ಹೆಚ್ಚಿನವರು ಅವರ ಬಳಗದವರೇ. ನಡುವೆ ಅಣ್ಣ, ಬಿಳಿ ರುಮಾಲು, ಹೆಗಲ ಮೇಲೆ ಕಂಬಳಿ, ತಮ್ಮನ ಮೂಗು, ತಮ್ಮನದೇ ಹುಬ್ಬು. ನನ್ನ ಕಡೆ ತಿರುಗಿದಾಗ ಒಂದು ಗಳಿಗೆ, ಅವರೇ ಇಪ್ಪತ್ತು ವರ್ಷ ಮುದುಕರಾಗಿ ಕೂತು ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದಾರೆ ಅನಿಸಿತು.

ನಾನು ಎಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಓದತೊಡಗಿದೆ. ಕಂಪೈಲರ್ ಎಂದರೇನು, ಬ್ರಾಕೆಟ್ಟಿನ ಒಳಗಿನದನ್ನು ಯಾಕೆ ಎರಡು ಸಲ ಓದಬೇಕು, ಗುರುತು ಎಲ್ಲಿ ಕಳೆಯುತ್ತಿತ್ತು. ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಯಾರಿಗೂ ಏನೂ ತಿಳಿಯುತ್ತಿಲ್ಲ ಎಂದು ಗೊತ್ತಾಯಿತು. ಆದರೂ ಯಾರೂ ಎದ್ದು ಹೋಗಲಿಲ್ಲ. ತಮ್ಮ ಮನೆಯ ಮಗ ಏನು ಮಾಡುತ್ತಿದ್ದ ಎಂಬುದನ್ನು ಮೊದಲ ಬಾರಿ ಕೇಳುವವರಂತೆ ಕೂತಿದ್ದರು. ಅಣ್ಣ ಒಂದು ಸಲ ಕೈಯೆತ್ತಿ ನನ್ನನ್ನು ನಿಲ್ಲಿಸಿದರು.

"ಅಂದ್ರ, ಅವ ಮಾಡಿದ್ದು ಬರೋಬ್ಬರಿ ಇತ್ತು?"

"ಬರೋಬ್ಬರಿ ಇತ್ರಿ," ಎಂದೆ. "ನಾ ಕೆಡಸಿದೆ. ಕೆಡಸಿ, ಅವರ ಹೆಸರು ಹೇಳಿದೆ."

ಅವರು ನೆಲ ನೋಡುತ್ತ ಕೂತರು. ಗುಡಿಯ ಹಿಂದೆ ಎಲ್ಲೋ ಮರಿಯೊಂದು ಅರಚುತ್ತಿತ್ತು. ಯಾರಾದರೂ ಬೈಯಲಿ ಎಂದು ನನಗೆ ಅನಿಸುತ್ತಿತ್ತು. ಹಿಂದೆ ಕೂತಿದ್ದ ಒಬ್ಬ ಅಜ್ಜಿ, ಅವ ಸಣ್ಣವಿದ್ದಾಗೂ ಹಂಗ, ಹೊಡಿಸಿಕೊಂಡ್ರೂ ಬಾಯಿ ಬಿಡ್ತಿರಲಿಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅಣ್ಣ ಕೈ ಚಾಚಿ, "ಆ ಹಾಳಿ ಇಲ್ಲಿ ಕೊಡ್ರಿ," ಎಂದರು. ಕೊಟ್ಟೆ. ಅವರಿಗೆ ಓದು ಬರುವುದಿಲ್ಲ. ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಗಿನ ಜೇಬಿಗೆ ಇಟ್ಟುಕೊಂಡರು. ಮಂದಿ ಎದ್ದರು. ಊಟಕ್ಕೆ ಎಬ್ಬಿಸ್ರಿ ಅವರನ್ನ ಎಂದು ಯಾರೋ ಹೇಳಿದರು. ರೊಟ್ಟಿ, ಪುಂಡಿಪಲ್ಯ ಉಂಡೆ. ಅವರ ಹೆಂಡತಿಯೇ ಬಡಿಸಿದರು. ಇನ್ನೊಂದು ಹಾಕ್ಲಿ ಏನ್ರಿ ಎಂದು ಕೇಳಿದ್ದು ಬಿಟ್ಟರೆ ನನ್ನ ಜೊತೆ ಬೇರೆ ಮಾತಾಡಲಿಲ್ಲ. ಹೊರಡುವಾಗ ಬಾಗಿಲಿಗೂ ಬರಲಿಲ್ಲ.

ಅಣ್ಣ ರಸ್ತೆಯವರೆಗೆ ನನ್ನ ಜೊತೆ ಬಂದರು. ದಾರಿಯಲ್ಲಿ ತಮ್ಮನ ಮಾತು ತೆಗೆಯಲಿಲ್ಲ. ಈ ಸಲ ಮೇವು ಚಲೋ ಬಂದಿದೆ, ಬೇವೂರಿನ ಕಡೆ ಮಂದೆ ಹೊಡೆದುಕೊಂಡು ಹೋಗುವ ವಿಚಾರವಿದೆ ಎಂದು ಹೇಳಿದರು. ಆಟೋ ದೂರದಲ್ಲಿ ಕಂಡಾಗ ಮಾತ್ರ ನಿಂತರು.

"ನಿಮ್ಮ ಕಾಲೇಜಿಂದು ಒಂದು ಗ್ರೂಪ್ ಐತೆಲ್ರಿ, ಮೊಬೈಲ್ದಾಗ. ಅದರಾಗ ಅವನ ಹೆಸರು ಇನ್ನೂ ಐತಿ."

ಇದೆ ಎಂದೆ. ಆ ಗ್ರೂಪನ್ನು ನೋಡಿಕೊಳ್ಳುವವಳು ನಾನೇ.

"ಅವನ ಫೋನ್ ನನ್ನ ಕಡೆ ಐತಿ. ಚಾರ್ಜ್ ಮಾಡಿ ಇಟ್ಟೀನಿ. ಏನರೆ ಬಂದ್ರ ಸಪ್ಪಳ ಆಗತೈತಿ. ನನಗೇನ ಓದಾಕ ಬರೂದಿಲ್ಲ, ತಗದು ನೋಡ್ತೇನಿ ಅಷ್ಟ." ಅವರು ರುಮಾಲಿನ ತುದಿಯಿಂದ ಬಾಯಿ ಒರೆಸಿಕೊಂಡರು. "ಹೆಸರು ತಗೀಬ್ಯಾಡ್ರಿ ಯವ್ವಾ."

ತೆಗೆದಿಲ್ಲ. ವಾಪಸು ಬಂದ ವಾರವೇ ಅವರ ಐದು ಸಾಲನ್ನು, ಅವರ ಹೆಸರಿನಲ್ಲೇ, ಮುಖ್ಯ ಪ್ರತಿಗೆ ಸೇರಿಸಿದೆ. ಪ್ರತಿ ವರ್ಷ ಆ ಪಾಠ ಬಂದಾಗ ನಡೆದದ್ದನ್ನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ನನ್ನ ಪಾಲನ್ನೂ ಬಿಡದೆ. ಕೆಲವರು ಕೇಳುತ್ತಾರೆ, ಕೆಲವರು ಇದು ಪರೀಕ್ಷೆಗೆ ಬರುತ್ತದೆಯೇ ಎಂದು ನೋಡುತ್ತಾರೆ. ಹೇಳಿದ ಮೇಲಾದರೂ ಹಗುರಾಗುತ್ತೇನೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ವಾರದ ಲ್ಯಾಬ್ ಟೈಮ್‌ಟೇಬಲನ್ನು ಗ್ರೂಪಿಗೆ ಹಾಕುವುದು ನನ್ನ ಕೆಲಸ. ಹಾಕಿದ ಮೇಲೆ, ಯಾರು ಯಾರು ನೋಡಿದರು ಎಂದು ಪಟ್ಟಿ ತೆಗೆದು ನೋಡುವ ಅಭ್ಯಾಸವಾಗಿದೆ. ಒಬ್ಬೊಬ್ಬರ ಹೆಸರು ಮೇಲೆ ಬರುತ್ತ ಹೋಗುತ್ತದೆ. ಒಂಬತ್ತರ ಹೊತ್ತಿಗೆ, ಮಂದೆ ಹೊರಡುವ ಮೊದಲು ಇರಬೇಕು, ಅವರ ಹೆಸರೂ ಬರುತ್ತದೆ.